ಓದುಗರ ಪ್ರಶ್ನೆ: ಎಲ್ಲಾ ವಸ್ತುನೂ ಮೂಲದಲ್ಲಿ ವಿದ್ಯುತ್ಕಾಂತೀಯನೇನಾ?

ಈ ಪ್ರಶ್ನೆ ಕೇಳೋರು ಬಹಳ ಜನ, ಕೇಳೋದ್ರಲ್ಲಿ ನಾಚಿಕೆಪಡೋದೂ ಏನಿಲ್ಲ, 1900ರ ಆಸುಪಾಸಲ್ಲಿ ವೀನ್, ಅಬ್ರಹಾಂ ಥರದ ಘಟಾನುಘಟಿ ಭೌತವಿಜ್ಞಾನಿಗಳೇ ಹೌದು, ಎಲ್ಲಾ ವಸ್ತುನೂ ವಿದ್ಯುತ್ತು-ಕಾಂತತೆಯಿಂದಾನೇ ಆಗಿದ್ದು ಅಂತ ನಂಬಿದ್ರು. ಅದಕ್ಕೂ ಮುಂಚೆ 1881ರಲ್ಲೇ ಜೆ.ಜೆ. ಥಾಮ್ಸನ್ ತೋರಿಸಿದ್ರು, ಚಾರ್ಜ್ ಇರೋ ಗುಂಡನ್ನ ತಳ್ಳೋದು ಸ್ವಲ್ಪ ಜಾಸ್ತಿ ಕಷ್ಟ, ಯಾಕಂದ್ರೆ ಅದರ ಸುತ್ತ ಇರೋ ವಿದ್ಯುತ್ ಫೀಲ್ಡೂ (ಕ್ಷೇತ್ರ) ಜೊತೆಗೇ ಬರ್ಬೇಕಲ್ಲ. ಹಾಗಾದ್ರೆ ಮಾಸ್ (ದ್ರವ್ಯರಾಶಿ) ಪೂರ್ತಿ ಹಾಗೇ ಬಂದಿರ್ಬಹುದಲ್ವಾ ಅನ್ನೋ ಆಸೆ ವೀನ್, ಅಬ್ರಹಾಂ ಅವರದ್ದು.

ಅರ್ಧ ಸರಿ. ಕೈಯಲ್ಲಿ ಸ್ಟೀಲ್ ಲೋಟ ಹಿಡ್ಕೊಳಿ. ಅದರ ಹೊಳಪು, ಕಾಫಿ ಹಾಕಿದ್ ತಕ್ಷಣ ಬೆರಳು ಸುಡೋದು, ಒತ್ತಿದ್ರೂ ಬಗ್ಗದೇ ಇರೋದು, ಇದೆಲ್ಲಾ ಎಲೆಕ್ಟ್ರಾನ್‌ಗಳ ಕೆಲಸ, ವಿದ್ಯುತ್ಕಾಂತೀಯ ಬಲ ಮತ್ತೆ ಅದರ ಜೊತೆ ಪೌಲಿ ನಿಯಮ, ಅಂದ್ರೆ ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಂಗಿಲ್ಲ ಅನ್ನೋದು. ಆದ್ರೆ ಲೋಟದ ತೂಕ? 100 ಗ್ರಾಂ ಲೋಟ ಅಂದ್ಕೊಳಿ, ಅದರಲ್ಲಿರೋ ಎಲೆಕ್ಟ್ರಾನ್ ಎಲ್ಲಾ ಕೂಡಿಸಿದ್ರೆ ಸುಮಾರು 25 ಮಿಲಿಗ್ರಾಂ, ಒಂದು ಅಕ್ಕಿಕಾಳು ತೂಗೋ ಅಷ್ಟು!

ಮಿಕ್ಕಿದ್ದೆಲ್ಲಾ ನ್ಯೂಕ್ಲಿಯಸ್ಸಲ್ಲಿದೆ. ಪ್ರೋಟಾನ್ ಮಾಸ್ 938 ಎಂಇವಿ (ಕಣಗಳ ಮಾಸ್ ಹೇಳೋ ಅಳತೆ), ಅದರೊಳಗಿನ ಮೂರು ಕ್ವಾರ್ಕ್‌ಗಳ ಸ್ವಂತ ಮಾಸ್ ಕೂಡಿಸಿದ್ರೆ 9ರ ಹತ್ತಿರ ಅಷ್ಟೇ. ಉಳಿದಿದ್ದು ಬಹುತೇಕ ಕ್ವಾರ್ಕ್‌ಗಳನ್ನ ಹಿಡಿದಿಡೋ ಪ್ರಬಲ ಬಲದಿಂದ ಬಂದ ಶಕ್ತಿ, ಅದು ಬೇರೇನೇ ಬಲ, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಮಾಸ್ ಎಲ್ಲಾ ಚಾರ್ಜಿಂದಾನೇ ಬರೋದಾಗಿದ್ರೆ ಚಾರ್ಜ್ ಇರೋ ಪ್ರೋಟಾನೇ ಭಾರ ಇರ್ಬೇಕಿತ್ತು, ಇಲ್ನೋಡಿದ್ರೆ ಒಟ್ಟು ಚಾರ್ಜ್ ಸೊನ್ನೆ ಇರೋ ನ್ಯೂಟ್ರಾನೇ ಒಂಚೂರು ಭಾರ.

ಎಲ್ಲಾನೂ ವಿದ್ಯುತ್ಕಾಂತೀಯ ಅಲ್ಲ ಅನ್ನೋದಕ್ಕೆ ನನಗೆ ತುಂಬಾ ಇಷ್ಟದ ಸಾಕ್ಷಿ ನಮ್ಮ ಕೋಲಾರದ್ದು. ನ್ಯೂಟ್ರಿನೋ ಅನ್ನೋ ತುಂಬಾ ಹಗುರದ ಕಣಕ್ಕೆ ಚಾರ್ಜೇ ಇಲ್ಲ, ಹಾಗಾಗಿ ಬಂಡೆಯೊಳಗಿನ ಎಲೆಕ್ಟ್ರಾನ್‌ಗಳು ಅದನ್ನ ತಡೆಯೋದೇ ಇಲ್ಲ ಅನ್ನಬಹುದು, ಸೂರ್ಯನಿಂದ ಬರೋವು ನಿಮ್ಮ ಹೆಬ್ಬೆರಳಿನ ಉಗುರಲ್ಲೇ ಸೆಕೆಂಡಿಗೆ 6000 ಕೋಟಿ ಮೇಲೆ ದಾಟಿ ಹೋಗ್ತಿವೆ. 1965ರಲ್ಲಿ ಕೆಜಿಎಫ್ ಗಣಿಯಲ್ಲಿ, 2 ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳ ಸುಳಿವು ಸಿಕ್ತು. ಅಷ್ಟು ಕೆಳಗೆ ಯಾಕೆ ಇಳಿದ್ರು ಅಂದ್ರೆ, ಕಾಸ್ಮಿಕ್ ಕಿರಣದ (ಬಾಹ್ಯಾಕಾಶದಿಂದ ಬರೋ ಕಿರಣದ) ಚಾರ್ಜ್ ಇರೋ ಕಣಗಳನ್ನ ಮೇಲಿನ ಬಂಡೆ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ಇಳಿದು ಬರುತ್ತೆ.