ಸೀಬೆಕಾಯಿ ಸೇಬಿನ ನೆಂಟನೇ?

ಪ್ರಶ್ನೆ: ಸೇಬು, ಮರಸೇಬು, ಸೀಬೆ ಮೂರೂ ಒಂದೇ ಕುಟುಂಬದವಲ್ಲವೇ?

ಸೀಬೆಕಾಯಿ ಗಾಡಿಗಳು ಬೀದಿಗಿಳಿದರೆ ಸಾಕು, ಈ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಮೊದಲೆರಡು ನೆಂಟರು ನಿಜ. ಎರಡೂ ಗುಲಾಬಿಯ ಕುಟುಂಬ, ಅಂದರೆ ರೋಸೇಸೀ. ಕುಟುಂಬದೊಳಗಿನ ಕವಲೇ ಕುಲ: ಸೇಬಿನದು ಮೇಲಸ್ ಕುಲ, ಪೇರ್ ಎನ್ನುವ ಮರಸೇಬಿನದು ಪೈರಸ್. (ಮರಸೇಬಂತೆ! ಸೇಬೇನು ಬಳ್ಳಿಯಲ್ಲಿ ಬಿಡುತ್ತದೆಯೇ?) ಸೀಬೆ ಇವರ ಮನೆಯದಲ್ಲ. ಅದು ನೇರಳೆ, ಲವಂಗ, ನೀಲಗಿರಿಗಳ ಪೈಕಿ, ಮಿರ್ಟೇಸೀ ಕುಟುಂಬ.

ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. "ನಮ್ಮ ಕಡೆ ಪೇರಲ ಅಂತೀವಲ್ರೀ, ಪೇರ್ ಇದ್ದಂಗೇ ಐತಲ್ಲ ಹೆಸರು" ಎನ್ನುತ್ತಾರೆ. ಸೀಬೆ ಪೋರ್ಚುಗೀಸರ ಜೊತೆ ಇಲ್ಲಿಗೆ ಬಂದ, ಅಮೆರಿಕದ ಉಷ್ಣವಲಯದ ಗಿಡ. ಪೋರ್ಚುಗೀಸ್ ಭಾಷೆಯಲ್ಲಿ ಪೇರ್ ಹಣ್ಣಿಗೆ 'ಪೆರ' ಎನ್ನುತ್ತಾರೆ. ಆ ಹೆಸರು ಕೊಂಕಣಿಯಲ್ಲಿ ಸೀಬೆಗೆ ಅಂಟಿಕೊಂಡಿತು. ಹೆಸರು ಕಡ ತಂದರೆ ರಕ್ತಸಂಬಂಧ ಬರುವುದಿಲ್ಲ.

ಇನ್ನು ಕೆಲವರ ವಾದ ಸ್ವಲ್ಪ ಗಟ್ಟಿ: ಮರಸೇಬು, ಸೀಬೆ ಎರಡನ್ನೂ ಕಚ್ಚಿದರೆ ಮರಳು ಮರಳಾಗಿ ಹಲ್ಲಿಗೆ ಸಿಗುತ್ತದಲ್ಲ? ಸಿಗುತ್ತದೆ, ಒಪ್ಪಿದೆ. ಅವು ಗೋಡೆ ದಪ್ಪವಾಗಿ ಮರಗಟ್ಟಿದ ಕಲ್ಲುಕೋಶಗಳು. ಆದರೆ ತೆಂಗಿನ ಚಿಪ್ಪು ಗಟ್ಟಿಯಾಗುವುದೂ ಅಂಥವುಗಳಿಂದಲೇ. ಹಾಗಂತ ತೆಂಗನ್ನೂ ನೆಂಟರ ಪಟ್ಟಿಗೆ ಸೇರಿಸೋಣವೇ? ತುದಿಯಲ್ಲಿ ಒಣಗಿದ ಪುಷ್ಪಪತ್ರಗಳ (ಮೊಗ್ಗನ್ನು ಮುಚ್ಚಿರುವ ಹೊರ ಎಸಳುಗಳ) ಕಿರೀಟ ಎರಡಕ್ಕೂ ಇದೆ ಎಂದರೆ, ದಾಳಿಂಬೆಗೂ ಇದೆ.

ನನ್ನ ಮಾತು ಬೇಡ, ಗಿಡವನ್ನೇ ಕೇಳಿ. ಸೀಬೆಯ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಕೂತಿರುತ್ತವೆ, ಸೇಬಿನವು ಒಂದಾದ ಮೇಲೊಂದು. ಸೀಬೆ ಎಲೆಯನ್ನು ಹೊಸಕಿ ಮೂಸಿ, ಎಣ್ಣೆಯ ಘಮಲು. ನೀಲಗಿರಿಯಲ್ಲೂ ಅದೇ ಗುಣ. ಸೇಬನ್ನು ಅಡ್ಡ ಕೊಯ್ದರೆ ನಕ್ಷತ್ರದಂತೆ ಐದು ಕೋಣೆ, ಬೀಜ ಅದರೊಳಗೆ. ಸೀಬೆಯ ಬೀಜ ತಿರುಳಿನಲ್ಲೇ ಹೂತಿರುತ್ತದೆ.

ಕೇಳದಿದ್ದರೂ ಇದೊಂದು ಹೇಳಿಬಿಡುತ್ತೇನೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಸೇಬನ್ನೂ ಪೇರ್ ಅನ್ನೂ ಒಂದೇ ಪೈರಸ್ ಕುಲಕ್ಕೆ ಹಾಕಿದ್ದ. ಮರುವರ್ಷವೇ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ ಸೇಬನ್ನು ಬೇರೆ ಮಾಡಿದ. ಇವೆರಡರ ಕಸಿ ಒಂದಕ್ಕೊಂದು ಹಿಡಿಯುವುದಿಲ್ಲ ಎಂಬುದು ಕೈಯಲ್ಲಿ ಚಾಕು ಹಿಡಿದವನ ತರ್ಕ. ತಮಾಷೆಯೆಂದರೆ ಅದೇ ಪೇರ್, ಬೇರೆ ಕುಲದ ಕ್ವಿನ್ಸ್ ಎಂಬ ಹಣ್ಣಿನ ಗಿಡದ ಬೇರಿನ ಮೇಲೆ ಚೆನ್ನಾಗಿಯೇ ಕೂರುತ್ತದೆ. ಮರ ಗಿಡ್ಡವಾಗಿ ಬೇಗ ಫಲ ಕೊಡಲಿ ಎಂದು ಯುರೋಪಿನ ತೋಟಗಳಲ್ಲಿ ಈಗಲೂ ಹಾಗೇ ಕಸಿ ಕಟ್ಟುತ್ತಾರೆ.