ಕೋಟೆ ಹತ್ರ ಲಕ್ಷುರಿ ಫ್ಲ್ಯಾಟು ಬಾಡಿಗೆಗೆ ತಗೋಬೋದಾ?

ಪ್ರಶ್ನೆ: ಶಿವಮೊಗ್ಗಕ್ಕೆ ಟ್ರಾನ್ಸ್‌ಫರ್ ಆಗಿದೆ. ಹೊರಗಿನ ಲೇಔಟು ಬೇಡ, ಹಳೇ ಊರಲ್ಲೇ, ಕೋಟೆ-ಗಾಂಧಿ ಬಜಾರ್ ಕಡೆ ಹೊಳೆ ಹತ್ರ ಒಂದು ಲಕ್ಷುರಿ ಫ್ಲ್ಯಾಟು ಬಾಡಿಗೆಗೆ ಹಿಡಿಬೇಕಂತ ಆಸೆ. ಏನೇನು ನೋಡ್ಬೇಕು?

ಉತ್ತರ: ಮೊದ್ಲು ಮಳೆಗಾಲದಲ್ಲಿ ನೋಡಿ ಮಾರಾಯ್ರೆ. ನಾನು ಫೆಬ್ರವರಿಲಿ ನೋಡಿ ಮರುಳಾಗಿ ತಗೊಂಡವನು, ಪಶ್ಚಿಮಕ್ಕೆ ದೊಡ್ಡ ಬಾಲ್ಕನಿ, ಸಂಜೆ ಬಿಸಿಲು, ಮಾಡ್ಯುಲರ್ ಕಿಚನ್ನು, ಎಲ್ಲಾ ಚಂದ. ಆರಿದ್ರಾ ಮಳೆ ಹಿಡಿದ ಮೇಲೆ ಗೊತ್ತಾಯ್ತು, ನಮ್ಮ ಮುಂಗಾರು ಬರೋದೇ ಆ ದಿಕ್ಕಿಂದ, ಎರಚಲು ಸೀದಾ ಹಾಲ್‌ಗೇ ಬರ್ತಿತ್ತು. ಪುಷ್ಯ ಮಳೆ ಹೊತ್ತಿಗೆ ವಾರ್ಡ್‌ರೋಬ್ ಹಿಂದಿನ ಗೋಡೆ ಪೂರ್ತಿ ಬೂಷ್ಟು, ಚರ್ಮದ ಬೆಲ್ಟು ಹಸಿರು. ಬೇಸಿಗೆಲೇ ನೋಡೋದು ಅನಿವಾರ್ಯ ಅಂದ್ರೆ ಕಬೋರ್ಡು ತೆಗೆದು ವಾಸನೆ ನೋಡಿ, ಹೊಸದಾಗಿ ಪೇಂಟ್ ಹೊಡೆದಿರೋ ಒಂದೇ ಒಂದು ಗೋಡೆ ಇದ್ರೆ ಯಾಕೆ ಅಂತ ಕೇಳಿ.

ಹೊಳೆ ಹತ್ರ ಅಂದ್ರಲ್ಲ, ಅದಕ್ಕೂ ಒಂದು ಮಾತು. ಮೇಲೆ ಗಾಜನೂರಲ್ಲಿರೋ ತುಂಗಾ ಡ್ಯಾಮು ಚಿಕ್ಕದು, ಸುಮಾರು 3.24 ಟಿಎಂಸಿ ಅಷ್ಟೇ, ಬೇಗ ತುಂಬುತ್ತೆ, ಗೇಟ್ ತೆಗೆದ್ರೆ ನೀರು ನೇರ ಊರಿಗೆ. ಕೋರ್ಪಲಯ್ಯನ ಛತ್ರದ ಹತ್ರ ಹೊಳೆಯೊಳಗಿನ ಮಂಟಪ ಮುಳುಗ್ತು ಅಂದ್ರೆ ಊರಿಗೂರೇ ನೋಡೋಕೆ ಹೋಗುತ್ತೆ, ಚಂದಾನೂ ಹೌದು, ಆದ್ರೆ 2019ರ ಆಗಸ್ಟಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನ ಇಲ್ಲಿ ಯಾರೂ ಮರ್ತಿಲ್ಲ. ನಿಮ್ಮ ಫ್ಲ್ಯಾಟು ನಾಲ್ಕನೇ ಫ್ಲೋರ್ ಇರಬೋದು, ಕಾರು ಇರೋದು ಬೇಸ್ಮೆಂಟಲ್ಲಿ. ಬಿಲ್ಡಿಂಗ್ ವಾಚ್‌ಮ್ಯಾನ್ ಹತ್ರ ಆ ವರ್ಷ ಎಲ್ಲಿವರೆಗೆ ನೀರು ಬಂದಿತ್ತು ಅಂತ ಕೇಳಿ, ಓನರ್ ಹತ್ರ ಅಲ್ಲ. ಜನರೇಟರ್ ಬರೀ ಲಿಫ್ಟಿಗಾ ಇಲ್ಲಾ ಮನೆಗೂ ಇದೆಯಾ ಅನ್ನೋದನ್ನೂ ಅವರನ್ನೇ ಕೇಳಿ, ಗಾಳಿ ಮಳೆಗೆ ಕರೆಂಟ್ ಹೋಗೋದು ಇಲ್ಲಿ ಮಾಮೂಲು.

ಈಗ ಅಗ್ರಿಮೆಂಟು. ಎಲ್ಲರೂ 11 ತಿಂಗಳಿಗೇ ಬರೆಸೋದು ಯಾಕಂದ್ರೆ ಒಂದು ವರ್ಷ ಮೀರಿದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸ್ಬೇಕು, ಖರ್ಚು ಉಳಿಸೋಕೆ ಈ ದಾರಿ. ಬಾಡಿಗೆದಾರರಿಗೆ ಕಾನೂನಿದೆಯಲ್ಲ ಅಂತ ನಂಬ್ಕೊಂಡು ಕೂರಬೇಡಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3500 ರೂಪಾಯಿ ಮೇಲಿನ ಬಾಡಿಗೆಗಳನ್ನ ಹೊರಗೇ ಇಟ್ಟಿದೆ, ಲಕ್ಷುರಿ ಫ್ಲ್ಯಾಟಿಗೆ ಅದು ಲೆಕ್ಕಕ್ಕೇ ಬರಲ್ಲ. ಹಾಗಾಗಿ ಕಾಗದದಲ್ಲಿ ಏನು ಬರೆಸ್ಕೊಂಡ್ರೋ ಅದೇ ನಿಮ್ಮ ಆಸರೆ. ನನ್ನ ಅಡ್ವಾನ್ಸಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ರು, ಆ ಬೂಷ್ಟು ಹಿಡಿದ ಗೋಡೆಗೂ ಸೇರಿಸಿ! ಮಳೆ ನೀರು ಸೋರಿ ಹಾಳಾದ್ರೆ ಓನರ್ ಖರ್ಚು ಅಂತ ಒಂದು ಸಾಲು ಬರೆಸಿದ್ರೆ ಮುಗೀತಿತ್ತು. ಮೆಂಟೆನೆನ್ಸ್ ಯಾರು ಕಟ್ಟೋದು, ಎಷ್ಟು ದಿನದ ನೋಟಿಸು, ಅದೂ ಬರ್ಲಿ.

ಹಳೇ ಊರಿನ ಸುಖ ನಿಜವಾಗ್ಲೂ ಇದೆ. ಶಿವಪ್ಪ ನಾಯಕನ ಅರಮನೆ, ಅಂದ್ರೆ ಈಗಿನ ಮ್ಯೂಸಿಯಂ, ನಡ್ಕೊಂಡು ಹೋಗೋ ದೂರ, ಕೋಟೆ ಆಂಜನೇಯನ ಗುಡಿ, ಬೆಳಿಗ್ಗೆ ಹೂವು ಸೊಪ್ಪು ಎಲ್ಲಾ ಬಜಾರಲ್ಲೇ. ಆದ್ರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬ ಜಾತ್ರೆ ಬರುತ್ತೆ, ಮೊದಲ ದಿನ ಅಮ್ಮ ಗಾಂಧಿ ಬಜಾರಲ್ಲಿ ಕೂತು ಆಮೇಲೆ ಕೋಟೆ ಗದ್ದುಗೆಗೆ ಬರ್ತಾಳೆ, ಆ ಐದು ದಿನ ಕಾರ್ ತೆಗೆಯೋ ಮಾತೇ ಇಲ್ಲ, ಮೈಕಂತೂ ನಿಲ್ಲಲ್ಲ. ನನಗೆ ಇಷ್ಟ, ನನ್ನ ಹೆಂಡ್ತಿ ತವರಿಗೆ ಹೋಗ್ತಾಳೆ.

ಇನ್ನೊಂದು, ಗುಡಿ ಹತ್ತಿರದ ಬಿಲ್ಡಿಂಗುಗಳಲ್ಲಿ ಮನೆ ತೋರ್ಸೋ ಮೊದ್ಲೇ "ನಾನ್‌ವೆಜ್ ಮಾಡ್ತೀರಾ?" ಅಂತ ಕೇಳೋರಿದ್ದಾರೆ. ಕೇಳೋದು ಸರೀನಾ ಅನ್ನೋದು ಬೇರೆ ಮಾತು, ಮೀನು ತಿನ್ನೋ ಮನೆ ನಿಮ್ದಾದ್ರೆ ಟೋಕನ್ ದುಡ್ಡು ಕೊಡೋ ಮೊದ್ಲೇ ಹೇಳ್ಬಿಡಿ, ಕೊಟ್ಟ ಮೇಲೆ ಅದು ವಾಪಸ್ ಬರೋದು ಕಷ್ಟ.