ಹಳೆಯ ಕಾರ್ಡು, ಹೊಸ ಕರ್ನಲ್

ಕಂಪ್ಯೂಟರಿನ ಮುಂದೆ ಯಾರೂ ಕುಳಿತಿಲ್ಲದಿದ್ದರೂ ಅದರ ಪರದೆಗೆ ಬಿಡುವಿಲ್ಲ. ಈಗ ಸಾಮಾನ್ಯವಾಗಿರುವ 1920×1080 ಅಳತೆಯ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಸೆಕೆಂಡಿಗೆ 60 ಸಲ ಅಷ್ಟೂ ಚುಕ್ಕಿಗಳಿಗೆ ಬಣ್ಣ ಕಳುಹಿಸಬೇಕು. ಲೆಕ್ಕ ಹಾಕಿದರೆ ಸೆಕೆಂಡಿಗೆ 12 ಕೋಟಿ ದಾಟುತ್ತದೆ. ಇದು ಬರೀ ತೋರಿಸುವ ಕೆಲಸದ ಲೆಕ್ಕ. ಗೋಣಿಕೊಪ್ಪಲಿನ ಸ್ಟುಡಿಯೋದಲ್ಲಿ ಕುಳಿತು ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ, ಹೋಂಸ್ಟೇ ಪ್ರಚಾರಕ್ಕಾಗಿ ಡ್ರೋನ್‌ನಲ್ಲಿ ಹಿಡಿದ ಬೆಟ್ಟದ ದೃಶ್ಯಗಳ ಬಣ್ಣ ತಿದ್ದುವವರಿಗೆ, ಪೊನ್ನಂಪೇಟೆಯ ಹಾಸ್ಟೆಲಿನಲ್ಲಿ ಬ್ಲೆಂಡರ್ ಎಂಬ 3ಡಿ ಚಿತ್ರ ರಚಿಸುವ ತಂತ್ರಾಂಶ ಕಲಿಯುತ್ತಿರುವ ಹುಡುಗಿಗೆ ಇದರ ಎಷ್ಟೋ ಪಟ್ಟು ಲೆಕ್ಕ ಬೇಕು. ಆ ಭಾರ ಹೊರುವುದು ಗ್ರಾಫಿಕ್ಸ್ ಕಾರ್ಡು. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಬಳಸುವವರಿಗೆ, ಅದರಲ್ಲೂ ಎನ್ವಿಡಿಯಾ ಕಂಪನಿಯ ಕಾರ್ಡಿರುವವರಿಗೆ, ಅದನ್ನು ಓಡಿಸುವುದೇ ಆಗಾಗ ತಲೆಬಿಸಿ. ಈ ಬರಹ ಅದರ ಬಗ್ಗೆ.

ಕಾರ್ಡಿಗೆ ಏನು ಮಾಡಬೇಕೆಂದು ತಿಳಿಸುವ ತಂತ್ರಾಂಶವೇ ಡ್ರೈವರ್. ಅದು ಒಂದೇ ತುಂಡಲ್ಲ, ಎರಡು ಭಾಗ. ಒಂದು ಭಾಗ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಾದ ತಂತ್ರಾಂಶದ, ಒಳಗೆ ಕುಳಿತು ಕಾರ್ಡಿನ ಮೆಮೊರಿ, ವಿದ್ಯುತ್ತು, ವೇಗ ಇವನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಭಾಗ ಕರ್ನಲ್‌ನ ಹೊರಗಿದ್ದು, ಬ್ಲೆಂಡರ್‌ನಂತಹ ಕಾರ್ಯಕ್ರಮಗಳು ಕೇಳಿದ ಚಿತ್ರವನ್ನು ಕಾರ್ಡಿಗೆ ಅರ್ಥವಾಗುವ ಆದೇಶಗಳಾಗಿ ಬದಲಿಸುತ್ತದೆ. ಎನ್ವಿಡಿಯಾದ ಡ್ರೈವರ್‌ನಲ್ಲಿ ಈ ಎರಡು ಭಾಗಗಳ ಆವೃತ್ತಿ ಸಂಖ್ಯೆ ಒಂದೇ ಆಗಿರಲೇಬೇಕು. ಅಪ್‌ಡೇಟ್ ಆದ ಮೇಲೆ ಮರುಚಾಲನೆ ಮಾಡದೆ ಕೆಲಸ ಮುಂದುವರಿಸಿದಾಗ ‘ಡ್ರೈವರ್ ಮತ್ತು ಲೈಬ್ರರಿಯ ಆವೃತ್ತಿ ಹೊಂದುತ್ತಿಲ್ಲ’ ಎಂಬ ದೂರು ಬರುವುದು ಇದೇ ಕಾರಣಕ್ಕೆ: ಹೊರಗಿನ ಭಾಗ ಹೊಸದಾಗಿದೆ, ಕರ್ನಲ್‌ನೊಳಗೆ ಇನ್ನೂ ಹಳೆಯದೇ ಓಡುತ್ತಿದೆ. ಒಮ್ಮೆ ಆರಿಸಿ ಹೊತ್ತಿಸಿದರೆ ಸರಿಹೋಗುತ್ತದೆ.

ಇಂಟೆಲ್ ಮತ್ತು ಎಎಂಡಿ ಚಿಪ್‌ಗಳಿರುವವರು ಈ ಯಾವ ತಲೆಬಿಸಿಯೂ ಇಲ್ಲದೆ ಲಿನಕ್ಸ್ ಬಳಸುತ್ತಾರೆ. ಅವುಗಳ ಡ್ರೈವರ್ ಕರ್ನಲ್‌ನೊಂದಿಗೇ ಬರುತ್ತದೆ. ಎಎಂಡಿ 2007ರಲ್ಲಿ ತನ್ನ ಚಿಪ್‌ಗಳ ತಾಂತ್ರಿಕ ವಿವರಗಳನ್ನು ಬಹಿರಂಗಪಡಿಸುವ ನಿರ್ಧಾರ ಮಾಡಿತು. 2015ರಲ್ಲಿ ಬಂದ ಕರ್ನಲ್ 4.2ರಲ್ಲಿ ಅದರ ಈಗಿನ ಮುಕ್ತ ಡ್ರೈವರ್ ಸೇರಿತು. ಕರ್ನಲ್ ಬದಲಾದಾಗ ಆ ಡ್ರೈವರ್ ಕೂಡ ಅದರ ಜೊತೆಗೇ ಬದಲಾಗುತ್ತದೆ. ಎನ್ವಿಡಿಯಾ ಹಿಡಿದದ್ದು ಬೇರೆ ದಾರಿ. ಡ್ರೈವರ್ ಕೊಟ್ಟಿತು, ಅದರ ಮೂಲ ಕೋಡ್ ಕೊಡಲಿಲ್ಲ. ಲಿನಕ್ಸ್ ಕರ್ನಲ್‌ನ ಪರವಾನಗಿಯಾದ ಜಿಪಿಎಲ್, ಕರ್ನಲ್‌ನ ಭಾಗವಾಗುವ ಕೋಡ್ ಎಲ್ಲರಿಗೂ ತೆರೆದಿರಬೇಕೆಂದು ಕೇಳುತ್ತದೆ. ಹಾಗಾಗಿ ಮುಚ್ಚಿದ ಡ್ರೈವರ್‌ಗೆ ಕರ್ನಲ್‌ನಲ್ಲಿ ಜಾಗವಿಲ್ಲ. ಅದು ಪ್ರತಿ ಬಳಕೆದಾರನ ಕಂಪ್ಯೂಟರಿನಲ್ಲೂ ಹೊರಗಿನಿಂದ ಬಂದು ಜೋಡಣೆಯಾಗಬೇಕು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಕಂಪನಿಯ ಮೇಲೆ ಬಹಿರಂಗವಾಗಿ ಸಿಡುಕಿದ್ದರ ಹಿಂದೆ ಇಂತಹ ಹಲವು ವರ್ಷಗಳ ಅಸಮಾಧಾನವಿತ್ತು.

ಕೈಕಟ್ಟಿ ಕೂರದ ಕೆಲವರು ಕಾರ್ಡಿನ ವರ್ತನೆಯನ್ನು ಗಮನಿಸಿ, ಅದು ಯಾವ ಆದೇಶಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಹೊರಗಿನಿಂದಲೇ ಪತ್ತೆಹಚ್ಚಿ ‘ನೊವೊ’ ಎಂಬ ಮುಕ್ತ ಡ್ರೈವರ್ ಬರೆದರು. 2010ರಲ್ಲಿ ಕರ್ನಲ್ 2.6.33ರ ಮೂಲಕ ಅದು ಮನೆಮನೆಗೆ ಬಂತು. ಎನ್ವಿಡಿಯಾ ಕಾರ್ಡಿರುವ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ ಕೂಡಲೇ ಪರದೆಯಲ್ಲಿ ಚಿತ್ರ ಮೂಡುವುದು ಸಾಮಾನ್ಯವಾಗಿ ಈ ಜನರ ಶ್ರಮದಿಂದ. ನನಗೆ ಅವರ ಮೇಲೆ ಅಪಾರ ಗೌರವವಿದೆ. ಆದರೆ 2014ರಲ್ಲಿ ಬಂದ ಜಿಟಿಎಕ್ಸ್ 900 ಸರಣಿಯಿಂದ ಮುಂದೆ ಅವರ ದಾರಿಗೆ ಗೋಡೆ ಅಡ್ಡಬಂತು. ಕಾರ್ಡು ಹೊತ್ತಿಕೊಳ್ಳುವಾಗ ಕಡಿಮೆ ವೇಗದಲ್ಲಿ ಶುರುವಾಗುತ್ತದೆ. ಕೆಲಸ ಬಂದಾಗ ವೇಗ ಏರಿಸುವುದು ಡ್ರೈವರ್‌ನ ಹೊಣೆ. ಹೀಗೆ ಏರಿಸಲು ಕಾರ್ಡಿನೊಳಗೆ ತುಂಬಬೇಕಾದ ಪುಟ್ಟ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ಎನ್ವಿಡಿಯಾದ ಡಿಜಿಟಲ್ ಸಹಿ ಇರಲೇಬೇಕೆಂದಾಯಿತು. ಸಹಿಯಿಲ್ಲದ್ದನ್ನು ಕಾರ್ಡು ಒಪ್ಪುವುದಿಲ್ಲ. ಹೀಗಾಗಿ ನೊವೊದ ಕೈಯಲ್ಲಿ ಜಿಟಿಎಕ್ಸ್ 1060ರಂತಹ ಬಲವಾದ ಕಾರ್ಡು ಕೂಡ ಮೊದಲ ಗೇರಿನಲ್ಲೇ ತೆವಳುತ್ತದೆ. ಭಾರಿ ಲೆಕ್ಕಗಳನ್ನು ಕಾರ್ಡಿನಿಂದಲೇ ಮಾಡಿಸಲು ಬ್ಲೆಂಡರ್‌ಗೆ ಬೇಕಾದ ಎನ್ವಿಡಿಯಾದ ಕುಡಾ ಸೌಲಭ್ಯವೂ ಸಿಗುವುದಿಲ್ಲ. ಮುಚ್ಚಿದ ಡ್ರೈವರ್ ಹಾಕಿಕೊಳ್ಳುವ ಅನಿವಾರ್ಯ ಹುಟ್ಟುವುದು ಇಲ್ಲಿ.

ಹಾಕಿಕೊಂಡ ಮೇಲೆ ಅದು ಆಗಾಗ ಕೆಡುವುದೇಕೆ? ಕೊಡಗಿನ ದೊಡ್ಡ ಕಾಫಿ ತೋಟವೊಂದನ್ನು ನೆನೆಯಿರಿ. ರಸ್ತೆಗೆ ತೆರೆಯುವ ಗೇಟು ಅಜ್ಜನ ಕಾಲದಿಂದ ಇದ್ದಲ್ಲೇ ಇರುತ್ತದೆ. ಒಳದಾರಿಗಳು ಮಾತ್ರ ಮಳೆಗಾಲ ಕಳೆದಂತೆಲ್ಲ ಬದಲಾಗುತ್ತವೆ; ತೋಟದೊಳಗೆ ಇರುವವರಿಗೆ ಅದರಿಂದ ತೊಂದರೆಯಿಲ್ಲ, ಹೋದ ವರ್ಷದ ನಕ್ಷೆ ಹಿಡಿದು ಬಂದವರು ದಾರಿ ತಪ್ಪುತ್ತಾರೆ. ಕರ್ನಲ್ ಕೂಡ ಹೊರಗಿನ ಕಾರ್ಯಕ್ರಮಗಳಿಗೆ ತೋರುವ ಮುಖವನ್ನು ಬಹಳ ನಿಷ್ಠೆಯಿಂದ ಕಾಪಾಡಿಕೊಳ್ಳುತ್ತದೆ. ಒಳಗಿನ ಏರ್ಪಾಡಿನ ಬಗ್ಗೆ ಅಂತಹ ಯಾವ ಭರವಸೆಯನ್ನೂ ಕೊಡುವುದಿಲ್ಲ, ಕೊಡಬಾರದೆಂಬುದೇ ಅದನ್ನು ಕಟ್ಟುವವರ ನಿಲುವು. ಒಳಗಿರುವ ಕೋಡ್ ಕಣ್ಣೆದುರೇ ಇರುವುದರಿಂದ, ಬದಲಾವಣೆ ಮಾಡಿದವರೇ ಅದನ್ನೆಲ್ಲ ತಿದ್ದುತ್ತಾರೆ. ಕಾಣದ ಕೋಡನ್ನು ತಿದ್ದುವವರು ಯಾರು?

ಇದಕ್ಕೆ ಎನ್ವಿಡಿಯಾ ಕಂಡುಕೊಂಡ ಉಪಾಯವೆಂದರೆ, ಡ್ರೈವರ್‌ನ ಮುಚ್ಚಿದ ಭಾಗದ ಸುತ್ತ ತೆಳುವಾದೊಂದು ತೆರೆದ ಪದರವನ್ನು ಇಟ್ಟದ್ದು. ಹೊಸ ಕರ್ನಲ್ ಬಂದಾಗ ಆ ಪದರವನ್ನು ನಿಮ್ಮ ಕಂಪ್ಯೂಟರಿನಲ್ಲೇ ಮತ್ತೆ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದು, ಮುಚ್ಚಿದ ಭಾಗಕ್ಕೆ ಜೋಡಿಸಲಾಗುತ್ತದೆ. ಈ ಕೆಲಸವನ್ನು ತಾನಾಗಿ ನಡೆಸಿಕೊಡುವ ವ್ಯವಸ್ಥೆ ಡಿಕೆಎಂಎಸ್. ಅದನ್ನು ರೂಪಿಸಿದ್ದು ಡೆಲ್ ಕಂಪನಿ. ಅದಕ್ಕೆ ಕಂಪೈಲರ್ ಬೇಕು, ಆ ಹೊಸ ಕರ್ನಲ್‌ನ ಒಳ ಏರ್ಪಾಡನ್ನು ವಿವರಿಸುವ ‘ಹೆಡರ್’ ಕಡತಗಳು ಬೇಕು. ಹೆಡರ್ ಇಲ್ಲದಿದ್ದರೆ ಜೋಡಣೆ ಸದ್ದಿಲ್ಲದೆ ಸೋಲುತ್ತದೆ, ಮರುದಿನ ಕಪ್ಪು ಪರದೆ ಎದುರಾಗುತ್ತದೆ. ನಾನು ಕಂಡ ಕಪ್ಪು ಪರದೆಗಳಲ್ಲಿ ಹೆಚ್ಚಿನವುಗಳ ಮೂಲ ಇದೇ.

ನಮ್ಮಲ್ಲಿ ಇನ್ನೊಂದು ಮೂಲವೂ ಇದೆ: ಜುಲೈ ತಿಂಗಳು. ವಿರಾಜಪೇಟೆಯ ಹತ್ತಿರದ ಒಂದು ಸ್ಟುಡಿಯೋದಲ್ಲಿ ಅಪ್‌ಡೇಟ್ ನಡೆಯುತ್ತಿದ್ದಾಗ, ಹೊಸ ಕರ್ನಲ್‌ಗೆ ಡ್ರೈವರ್ ಜೋಡಣೆಯಾಗುತ್ತಿರುವ ಹೊತ್ತಿಗೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಡೆಸ್ಕ್‌ಟಾಪಿಗೆ ಲ್ಯಾಪ್‌ಟಾಪಿನಂತೆ ಬ್ಯಾಟರಿಯಿಲ್ಲ. ಕರೆಂಟು ಬಂದ ಮೇಲೆ ಪರದೆಯಲ್ಲಿ ಮಿನುಗುವ ಗೆರೆಯೊಂದರ ಹೊರತು ಏನೂ ಇಲ್ಲ. “ಕಾರ್ಡೇ ಸುಟ್ಟುಹೋಗಿದೆಯೇನೋ ಅಣ್ಣ, ಮೈಸೂರಿಗೆ ಕಳುಹಿಸಲೇ?” ಎಂದು ಹುಡುಗ ಫೋನ್ ಮಾಡಿದ. ಕಾರ್ಡಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರ್ ಹೊತ್ತಿಕೊಳ್ಳುವಾಗ ಎಸ್ಕೇಪ್ ಕೀಲಿ ಒತ್ತಿದರೆ (ಕೆಲವು ಯಂತ್ರಗಳಲ್ಲಿ ಶಿಫ್ಟ್ ಹಿಡಿದುಕೊಳ್ಳಬೇಕು) ಯಾವ ಕರ್ನಲ್ ಓಡಿಸಬೇಕೆಂದು ಕೇಳುವ ಗ್ರಬ್ ಪಟ್ಟಿ ತೆರೆಯುತ್ತದೆ. ಅದರ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಹಾಗೆಯೇ ಇರುತ್ತದೆ. ಅದಕ್ಕೆ ಜೋಡಣೆಯಾಗಿದ್ದ ಡ್ರೈವರ್ ಕೂಡ ಹಾಗೆಯೇ ಉಳಿದಿರುತ್ತದೆ. ಅದನ್ನು ಆರಿಸಿದಾಗ ಅವನ ಡೆಸ್ಕ್‌ಟಾಪ್ ಎಂದಿನಂತೆ ತೆರೆದುಕೊಂಡಿತು. ಬಳಿಕ ಆದೇಶ ಟೈಪು ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅರ್ಧಕ್ಕೆ ನಿಂತ ಸ್ಥಾಪನೆಯನ್ನು ಪೂರ್ತಿಮಾಡುವ ಆದೇಶ ಕೊಟ್ಟ, ಹೊಸ ಕರ್ನಲ್ ಕೂಡ ಸರಿಹೋಯಿತು. ಹಳೆಯ ಕರ್ನಲ್ ಜಾಗ ತಿನ್ನುತ್ತದೆಂದು ಅಳಿಸಿಹಾಕುವವರಿದ್ದಾರೆ. ದಯವಿಟ್ಟು ಕನಿಷ್ಠ ಒಂದನ್ನಾದರೂ ಉಳಿಸಿಕೊಳ್ಳಿ. ಯುಪಿಎಸ್ ಇಲ್ಲದ ಮನೆಯವರು ಗಾಳಿಮಳೆಯ ದಿನ ಅಪ್‌ಡೇಟ್ ಮುಟ್ಟಬೇಡಿ.

ಇನ್ನು ಸ್ಥಾಪಿಸುವ ಕ್ರಮ. ಕಂಪನಿಯ ಜಾಲತಾಣದಲ್ಲಿ 300 ಎಂಬಿಗೂ ದೊಡ್ಡದಾದ ಕಡತವೊಂದು ಸಿಗುತ್ತದೆ. ವಿಂಡೋಸ್‌ನಿಂದ ಬಂದವರ ಕೈ ಮೊದಲು ಹೋಗುವುದು ಅದಕ್ಕೇ. ಅದನ್ನು ಮುಟ್ಟದಿರುವುದೇ ಒಳ್ಳೆಯದು ಎಂದು ಖಚಿತವಾಗಿ ಹೇಳುತ್ತೇನೆ. ಆ ಕಡತ ತನ್ನ ಭಾಗಗಳನ್ನು ವ್ಯವಸ್ಥೆಯ ಅಲ್ಲಲ್ಲಿ ಇಟ್ಟುಹೋಗುತ್ತದೆ, ಪ್ಯಾಕೇಜುಗಳ ಲೆಕ್ಕ ಇಡುವ ತಂತ್ರಾಂಶಕ್ಕೆ ಅದರ ಸುಳಿವೇ ಇರುವುದಿಲ್ಲ. ಮುಂದಿನ ಅಪ್‌ಡೇಟ್ ಬಂದಾಗ ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ. ನಿಮ್ಮ ಲಿನಕ್ಸ್ ವಿತರಣೆಯೇ (ಉಬುಂಟು, ಫೆಡೋರಾ, ಡೆಬಿಯನ್‌ನಂತಹದು) ಕೊಡುವ ಪ್ಯಾಕೇಜನ್ನು ಹಾಕಿಕೊಳ್ಳಿ. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ತೆರೆದರೆ ನಿಮ್ಮ ಕಾರ್ಡಿಗೆ ಹೊಂದುವ ಆವೃತ್ತಿಗಳು ಕಾಣುತ್ತವೆ, ಶಿಫಾರಸು ಮಾಡಿದ್ದರ ಮುಂದೆ ಗುರುತೂ ಇರುತ್ತದೆ. ಅಲ್ಲಿ ಮೊದಲೇ ಕಂಪೈಲ್ ಮಾಡಿ ಸಹಿ ಹಾಕಿದ ಮಾಡ್ಯೂಲ್‌ಗಳೂ (ಡ್ರೈವರ್‌ನ ಕರ್ನಲ್ ಭಾಗ) ದೊರೆಯುತ್ತವೆ. ನಿಮ್ಮ ಯಂತ್ರದಲ್ಲಿ ಕಂಪೈಲ್ ಮಾಡುವ ಹಂತವೇ ಇಲ್ಲದ್ದರಿಂದ ಕರೆಂಟಿನ ಭರವಸೆಯಿಲ್ಲದ ಊರಿಗೆ ಇದೇ ಹೇಳಿಮಾಡಿಸಿದ್ದು. ಫೆಡೋರಾದವರಿಗೆ ಆರ್‌ಪಿಎಂ ಫ್ಯೂಷನ್ ಭಂಡಾರವಿದೆ. ಅಲ್ಲಿ ಪ್ಯಾಕೇಜು ಇಳಿದ ಮೇಲೂ ಮಾಡ್ಯೂಲ್ ಹಿನ್ನೆಲೆಯಲ್ಲಿ ತಯಾರಾಗುತ್ತಿರುತ್ತದೆ, ಇದಕ್ಕೆ ಐದು ನಿಮಿಷದವರೆಗೂ ಹಿಡಿಯಬಹುದು. ಅವಸರದಲ್ಲಿ ಮರುಚಾಲನೆ ಮಾಡಿದವರು ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಡೆಬಿಯನ್‌ನಲ್ಲಿ ‘ಕಾಂಟ್ರಿಬ್’, ‘ನಾನ್‌ಫ್ರೀ’, ‘ನಾನ್‌ಫ್ರೀ-ಫರ್ಮ್‌ವೇರ್’ ವಿಭಾಗಗಳನ್ನು ತೆರೆದುಕೊಂಡು ಅಲ್ಲಿನ ಪ್ಯಾಕೇಜು ಹಾಕಿಕೊಳ್ಳಬೇಕು.

ಒಂದು ನೀಲಿ ಪರದೆಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಈಚಿನ ಕಂಪ್ಯೂಟರುಗಳಲ್ಲಿ ‘ಸೆಕ್ಯೂರ್ ಬೂಟ್’ ಚಾಲೂ ಇರುತ್ತದೆ. ನಂಬಿಕೆಯ ಸಹಿಯಿಲ್ಲದ ಕೋಡನ್ನು ಅದು ಕರ್ನಲ್‌ನೊಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲೇ ಕಂಪೈಲ್ ಆದ ಡ್ರೈವರ್‌ಗೆ ಸಹಿ ಹಾಕಲು ನಿಮ್ಮದೇ ಡಿಜಿಟಲ್ ಕೀಲಿ ಬೇಕು. ಆ ಕೀಲಿಯನ್ನು ನೋಂದಾಯಿಸಲೆಂದೇ ಸ್ಥಾಪನೆಯ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಚಾಲನೆಯಾದಾಗ ನೀಲಿ ಪರದೆಯೊಂದು ಬಂದು, ಕೀಬೋರ್ಡಿನ ಯಾವುದಾದರೂ ಕೀಲಿ ಒತ್ತಿ ಎಂದು 10 ಸೆಕೆಂಡು ಎಣಿಸುತ್ತದೆ. ಬಹಳ ಜನ ವೈರಸ್ಸೋ ಏನೋ ಎಂದು ಹೆದರಿ ಸುಮ್ಮನಿರುತ್ತಾರೆ. ಎಣಿಕೆ ಮುಗಿದರೆ ಕಂಪ್ಯೂಟರ್ ಮುಂದೆ ಹೋಗಿಬಿಡುತ್ತದೆ, ಡ್ರೈವರ್ ಹೊರಗೇ ಉಳಿಯುತ್ತದೆ. ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಎಂಬುದನ್ನು ಆರಿಸಿ, ಮುಂದುವರಿದು, ಅದೇ ಪಾಸ್‌ವರ್ಡ್ ಕೊಟ್ಟರೆ ಕೆಲಸ ಮುಗಿಯಿತು. ಸೆಕ್ಯೂರ್ ಬೂಟನ್ನೇ ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ನಿಮಿಷದ ಈ ಕೆಲಸಕ್ಕಾಗಿ ಮನೆಯ ಬಾಗಿಲನ್ನೇ ಕಿತ್ತಿಡುವುದು ನನಗೆ ಸರಿಕಾಣುವುದಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಹಳೆಯ ಕಾರ್ಡುಗಳ ಪಾಡು. ಮಡಿಕೇರಿ, ಸೋಮವಾರಪೇಟೆ, ಕುಶಾಲನಗರಗಳ ಎಷ್ಟೋ ಮನೆ, ಅಂಗಡಿ, ಶಾಲೆಗಳ ಕಂಪ್ಯೂಟರುಗಳಿಗೆ ಹತ್ತು ವರ್ಷ ದಾಟಿದೆ. ಮಳೆಗಾಲದ ತೇವಕ್ಕೆ ಪೆಟ್ಟಿಗೆಯೊಳಗೆ ಬೂಷ್ಟು ಬಂದರೂ ಒರೆಸಿಕೊಂಡು ಇನ್ನೂ ದುಡಿಯುತ್ತಿವೆ. ಅವುಗಳಲ್ಲಿ ಜಿಟಿ 710, ಜಿಟಿ 730 ಕಾರ್ಡುಗಳು ಸಾಮಾನ್ಯ. ಮುಚ್ಚಿದ ಡ್ರೈವರ್ ಪ್ರತಿ ಪೀಳಿಗೆಯ ಕಾರ್ಡುಗಳನ್ನು ಒಂದು ಆವೃತ್ತಿ ಸಂಖ್ಯೆಯಲ್ಲಿ ಬಿಟ್ಟು ಮುಂದೆ ಹೋಗುತ್ತದೆ: ಫರ್ಮಿ ಪೀಳಿಗೆಗೆ 390 ಕೊನೆ, ಅದರ ಬೆಂಬಲ 2022ರಲ್ಲಿ ಮುಗಿಯಿತು, ಕೆಪ್ಲರ್‌ಗೆ 470 ಕೊನೆ, ಅದು 2024ರಲ್ಲಿ ನಿಂತಿತು, ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ 580 ಕೊನೆಯದು. ಇನ್ನೂ ತಲೆನೋವಿನ ಸಂಗತಿಯೆಂದರೆ, ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಫರ್ಮಿ ಚಿಪ್ ಇರುವ ಕಾರ್ಡೂ ಕೆಪ್ಲರ್ ಚಿಪ್ ಇರುವ ಕಾರ್ಡೂ ಮಾರಾಟವಾಗಿವೆ. ಡಬ್ಬಿ ನೋಡಿ ತಿಳಿಯುವುದಿಲ್ಲ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶ ಕೊಟ್ಟರೆ ಬರುವ ಸಾಲಿನಲ್ಲಿ ಜಿಎಫ್108 ಎಂದಿದ್ದರೆ ಫರ್ಮಿ, ಜಿಕೆ208 ಎಂದಿದ್ದರೆ ಕೆಪ್ಲರ್. ತಪ್ಪು ಸಂಖ್ಯೆಯ ಡ್ರೈವರ್ ಹಾಕಿದರೆ ಕಾರ್ಡನ್ನು ಅದು ಗುರುತಿಸುವುದೇ ಇಲ್ಲ.

ಕಾರ್ಡು ಕೆಟ್ಟಿಲ್ಲ, ಫ್ಯಾನು ತಿರುಗುತ್ತಿದೆ, ಚಿತ್ರ ಚೆನ್ನಾಗಿದೆ. ಆದರೂ ಕರ್ನಲ್ ಮುಂದೆ ಹೋದಂತೆ ಹಳೆಯ ಮುಚ್ಚಿದ ಡ್ರೈವರ್ ಅದಕ್ಕೆ ಜೋಡಣೆಯಾಗುವುದಿಲ್ಲ, ಭದ್ರತಾ ದೋಷಗಳು ಕಂಡರೂ ತಿದ್ದುವವರಿಲ್ಲ. ಇದಕ್ಕಿಂತ ಹಳೆಯದಾದ ಎಷ್ಟೋ ಎಎಂಡಿ, ಇಂಟೆಲ್ ಚಿಪ್‌ಗಳು ಇಂದಿನ ಕರ್ನಲ್‌ನಲ್ಲೂ ಓಡುತ್ತವೆ, ಏಕೆಂದರೆ ಅವುಗಳ ಕೋಡ್ ತೆರೆದಿದೆ. ಕಂಪನಿ ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಕೊಂಡ ವಸ್ತುವಿನ ಆಯುಷ್ಯವನ್ನು ಕೊಂಡವರಿಗೆ ಕಾಣದ ಕೋಡ್ ತೀರ್ಮಾನಿಸುವುದು ಅನ್ಯಾಯ. ಜಿಟಿ 710 ಇರುವವರು ಬರೀ ಪತ್ರ ಟೈಪು ಮಾಡುವವರಾಗಿದ್ದರೆ ನೊವೊದಲ್ಲೇ ಇರಲಿ. ಅದರಂತಹ ಕೆಪ್ಲರ್ ಕಾರ್ಡುಗಳ ಫರ್ಮ್‌ವೇರ್‌ಗೆ ಆ ಸಹಿಯ ಕಾಟವಿಲ್ಲ.

ಗೋಡೆ ಸ್ವಲ್ಪ ಬಿರುಕು ಬಿಟ್ಟಿದೆ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಡ್ರೈವರ್‌ನ ಕರ್ನಲ್ ಭಾಗವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಜಿಟಿಎಕ್ಸ್ 1650ರಂತಹ ಕಾರ್ಡುಗಳಿರುವ ಟ್ಯೂರಿಂಗ್ ಪೀಳಿಗೆ ಮತ್ತು ಅದರ ನಂತರದ ಕಾರ್ಡುಗಳಿಗೆ ಇದು ಹೊಂದುತ್ತದೆ. ಈ ಕಾರ್ಡುಗಳಲ್ಲಿ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್ ಇದೆ. ಹಿಂದೆ ಮುಚ್ಚಿದ ಡ್ರೈವರ್ ಮಾಡುತ್ತಿದ್ದ ಹಲವು ಕೆಲಸಗಳು ಅದರ ಫರ್ಮ್‌ವೇರ್‌ಗೆ ವರ್ಗವಾಗಿವೆ. ಆ ಫರ್ಮ್‌ವೇರ್ ಮತ್ತು ಕುಡಾ ಇರುವ ಹೊರಭಾಗ ಇನ್ನೂ ಮುಚ್ಚಿಯೇ ಇವೆ, ಆದ್ದರಿಂದ ಪೂರ್ತಿ ಬಿಡುಗಡೆ ಎನ್ನಲಾಗದು. ಆದರೂ ಲಾಭವಾಗಿದೆ. 2024ರ ಜನವರಿಯಲ್ಲಿ ಬಂದ ಕರ್ನಲ್ 6.7ರಿಂದ ನೊವೊ ಕೂಡ ಇದೇ ಜಿಎಸ್‌ಪಿಯ ಮೂಲಕ ಕಾರ್ಡಿನ ವೇಗ ಏರಿಸಬಲ್ಲದು.

ಮೈಸೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರ್ಡು ತರುವವರು ಇದನ್ನು ಗಮನದಲ್ಲಿಡಬೇಕು. ವಿಡಿಯೊ ನೋಡಲು, ಆಟವಾಡಲು, ದಿನನಿತ್ಯದ ಕೆಲಸಕ್ಕೆ ಎಎಂಡಿಯ ಆರ್‌ಎಕ್ಸ್ 580ರಂತಹ ಕಾರ್ಡು ತಂದರೆ ಡ್ರೈವರ್ ಸ್ಥಾಪಿಸುವ ಮಾತೇ ಇಲ್ಲ. ಕುಡಾ ಬೇಕೇಬೇಕೆನ್ನುವವರು ಟ್ಯೂರಿಂಗ್ ಪೀಳಿಗೆಯ ಜಿಟಿಎಕ್ಸ್ 1650 ಅಥವಾ ಅದಕ್ಕಿಂತ ಹೊಸದನ್ನು ಕೇಳಿ; ಕಡಿಮೆ ಬೆಲೆಗೆ ಸಿಗುತ್ತದೆಂದು ಜಿಟಿ 730ಕ್ಕೆ ಕೈಹಾಕಬೇಡಿ. ಹೋಗುವಾಗ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯ ಕಂಪ್ಯೂಟರಿಗೆ ಕಾರ್ಡು ಹಾಕಿಸಿ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ, ಎಲ್‌ಎಸ್‌ಪಿಸಿಐ ಏನು ಹೇಳುತ್ತದೆಂದು ನೋಡಿಕೊಂಡು ಆಮೇಲೆ ದುಡ್ಡು ಕೊಡಿ.